ಒಂದು ಗುಳ್ಳೆ ಗಾಳಿ

ನನಗೊಂದು ಕೆಟ್ಟ ಚಾಳಿಯಿದೆ. ಯಾರ ಮನೆಗೆ ಹೋಗಲಿ, ಯಾವ ಹೋಟೆಲಿನಲ್ಲಿ ಕೂರಲಿ, ನೀರಿನ ಲೋಟ ಕೈಗೆ ಬಂದರೆ ಅದು ಬಾಯಿಗಿಂತ ಮೊದಲು ಮೂಗಿಗೆ ಹೋಗುತ್ತದೆ. ಮೂಸಿ, ಬೆಳಕಿಗೆ ಹಿಡಿದು, ಆಮೇಲೆಯೇ ಕುಡಿಯುವುದು. ಮೂಡಬಿದಿರೆಯಲ್ಲಿ ನಾನು ಗೋಳಿಬಜೆ ತಿನ್ನುವ ಹೋಟೆಲಿನ ಸಪ್ಲೈಯರ್ ಮೊದಮೊದಲು ನನ್ನನ್ನು ದುರುಗುಟ್ಟಿ ನೋಡುತ್ತಿದ್ದ. ಈಗ ಲೋಟ ಇಡುವಾಗಲೇ, "ಬಾವಿ ನೀರು ಮೇಡಂ, ಬೆಳಿಗ್ಗೆ ಕಾಯಿಸಿದ್ದು, ಮೂಸಿ" ಎಂದು ಹೇಳಿ ಹೋಗುತ್ತಾನೆ.

ನನ್ನ ಮದುವೆಯ ಮಾತುಕತೆ ನಡೆಯುವಾಗ ಗಂಡಿನ ಮನೆ ನೋಡಲು ಹಿರಿಯರ ಜೊತೆ ನಾನೂ ಹೋಗಿದ್ದೆ. ಬೆಲ್ಲ, ನೀರು ತಂದಿಟ್ಟರು. ಲೋಟವನ್ನು ಮೂಗಿಗೆ ಹಿಡಿದೇಬಿಟ್ಟೆ. ಚಾವಡಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಅಮ್ಮ ತಡಮಾಡದೆ, "ಅವಳಿಗೆ ಸ್ವಲ್ಪ ಶೀತ" ಎಂದಳು. ಶೀತವಾದವರು ನೀರನ್ನೇಕೆ ಮೂಸಬೇಕೆಂದು ಯಾರೂ ಕೇಳಲಿಲ್ಲ. ಮದುವೆ ಕುದುರಿತು. ಆ ಬಾವಿಯ ನೀರನ್ನೇ ಈಗ ನಾನು ದಿನವೂ ಕುಡಿಯುತ್ತಿದ್ದೇನೆ. ಚೆನ್ನಾಗಿದೆ.

ನನ್ನ ಮೂಗು ಬಲು ಚುರುಕೆಂದು ನೀವು ತಿಳಿದುಕೊಂಡರೆ ತಪ್ಪು. ಮೂಗಿನ ಮೇಲೆ ನಂಬಿಕೆ ಹೋದದ್ದರಿಂದಲೇ ಈ ಚಾಳಿ ಶುರುವಾದದ್ದು. ಒಮ್ಮೆ ಕೈಕೊಟ್ಟ ಆಳಿಗೆ ಮತ್ತೆ ಮತ್ತೆ ಕೆಲಸ ಹೇಳಿ ಪರೀಕ್ಷೆ ಮಾಡುತ್ತೇವಲ್ಲ, ಹಾಗೆ. ಅದು ನನಗೆ ಕೈಕೊಟ್ಟದ್ದು ನಾನು ಪರಿಸರ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದ ಕಾಲದಲ್ಲಿ.

ನಾನು ಆ ಕೋರ್ಸಿಗೆ ಸೇರಿದಾಗ ನಮ್ಮೂರಿನಲ್ಲಿ ಅದೇನೆಂದು ಯಾರಿಗೂ ತಿಳಿದಿರಲಿಲ್ಲ. "ಅದರಲ್ಲಿ ಎಂತ ಕಲಿಸ್ತಾರೆ? ಗಿಡ ನೆಡ್ಲಿಕ್ಕಾ? ಅದಕ್ಕೆ ಎಂ.ಎಸ್ಸಿ. ಬೇಕಾ ಮಾರಾಯ್ತಿ?" ಎಂದು ಕೇಳಿದವರೇ ಹೆಚ್ಚು. ಅಪ್ಪ ಆಗ ಗಲ್ಫಿನಲ್ಲಿದ್ದರು. ಮನೆ, ತೋಟ ಎಲ್ಲ ಅಮ್ಮನ ಕಾರುಬಾರು. ಅಮ್ಮ ಫೋನಿನಲ್ಲಿ ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ: "ಹರಿಣಾಕ್ಷಿಯದ್ದು ಕೊಳಕಿನ ಬಗ್ಗೆ ಓದುವುದಂತೆ. ಓದಲಿ. ನಮ್ಮಲ್ಲಂತೂ ಅದಕ್ಕೆ ಬರಗಾಲ ಇಲ್ಲ." ಅದು ಎಷ್ಟು ನಿಜವೆಂದು ಅಮ್ಮನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕಾಲೇಜು ಮಿಜಾರಿನ ಹತ್ತಿರ. ಮನೆ ಬೆಳ್ತಂಗಡಿ ತಾಲೂಕಿನ ಒಂದು ಒಳ ಊರಿನಲ್ಲಿ. ವೇಣೂರಿನ ಮೇಲೆ ಮೂಡಬಿದಿರೆಗೆ ಬಂದು ಅಲ್ಲಿಂದ ಇನ್ನೊಂದು ಬಸ್ಸು. ವಾರಕ್ಕೊಮ್ಮೆ ಹಾಸ್ಟೆಲಿನಿಂದ ಮನೆಗೆ ಬರುವಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಗಾಜಿನ ಬಾಟಲಿಗಳಿರುತ್ತಿದ್ದವು. ನೀರಿನ ಸ್ಯಾಂಪಲ್ ತೆಗೆಯುವ, ಗಾಜಿನದ್ದೇ ಮುಚ್ಚಳವಿರುವ ಬಾಟಲಿಗಳು. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಟಣ್ ಟಣ್ ಎನ್ನುತ್ತಿದ್ದವು. ಕಂಡಕ್ಟರ್ ಒಂದು ದಿನ ತಡೆಯಲಾರದೆ ಬಗ್ಗಿ ಕೇಳಿದ: "ಮೇಡಂ, ಫುಲ್ಲಾ, ಖಾಲಿಯಾ?" ಖಾಲಿ ಎಂದೆ. "ಹಾಗಾದರೆ ಹೋಗುವಾಗಲೇ ಖಾಲಿ, ಬರುವಾಗ ಫುಲ್" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ. ಮುಂದಿನ ಸೀಟಿನ ಅಜ್ಜಿಯೊಬ್ಬರು ಹಿಂತಿರುಗಿ ನನ್ನನ್ನು ಕಂಡು ಕನಿಕರಪಟ್ಟರು. ಎರಡು ವರ್ಷ ನಾನು ಆ ದಾರಿಯಲ್ಲಿ ಬಾಟಲಿ ಮೇಡಂ ಆಗಿಯೇ ಓಡಾಡಿದೆ.

ಆ ಬಾಟಲಿಗೆ ನೀರು ತುಂಬಿಸುವುದು ಹೇಗೆಂದು ಕಲಿಸಿದವರು ನಮ್ಮ ಗೈಡ್. ಪುತ್ತಿಗೆಯವರು, ಜೈನರು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ, ಸೋಸಿದ ಬಟ್ಟೆಯನ್ನು ಮತ್ತೆ ಅದೇ ನೀರಿನ ಮೂಲದಲ್ಲಿ ಮೆಲ್ಲಗೆ ಜಾಲಿಸಿ ಬಿಡುವ ಮನೆಯಲ್ಲಿ ಬೆಳೆದವರು. ಆ ಸಂಸ್ಕಾರವೋ ಏನೋ, ನೀರಿನ ವಿಷಯದಲ್ಲಿ ಅವಸರ ಮಾಡುವವರನ್ನು ಕಂಡರೆ ಅವರಿಗಾಗದು. ಮೊದಲ ವರ್ಷ ನಮ್ಮನ್ನೆಲ್ಲ ಬಂಟ್ವಾಳದಲ್ಲಿ ನೇತ್ರಾವತಿಯ ದಡಕ್ಕೆ ಕರೆದುಕೊಂಡು ಹೋದರು. ನಾನು ಎಲ್ಲರಿಗಿಂತ ಮೊದಲು ಹೊಳೆಗಿಳಿದು, ಬಾಟಲಿಯನ್ನು ಗುಳುಗುಳು ಎಂದು ಮುಳುಗಿಸಿ, ಮುಚ್ಚಳ ಒತ್ತಿ ಅವರ ಮುಂದೆ ಹಿಡಿದೆ. ಸರ್ ಅದನ್ನು ತಲೆಕೆಳಗು ಮಾಡಿದರು. ಒಳಗೆ ಕಡಲೆಕಾಳಿನಷ್ಟು ದೊಡ್ಡ ಗುಳ್ಳೆಯೊಂದು ಮೇಲೇರಿತು.

"ಬೇಸರ ಮಾಡ್ಬೇಡ. ನೀನು ತಂದದ್ದು ನೇತ್ರಾವತಿಯನ್ನಲ್ಲ, ಬಂಟ್ವಾಳದ ಗಾಳಿಯನ್ನು" ಎಂದರು.

ವಿಷಯ ಇಷ್ಟೇ. ನೀರಿನಲ್ಲಿ ಕರಗಿರುವ ಆಮ್ಲಜನಕ ನೀರಿನ ಉಸಿರು. ಅದಿದ್ದರೆ ಮೀನು ಇರುತ್ತದೆ, ಕಪ್ಪೆ ಇರುತ್ತದೆ. ಬಾಟಲಿಯ ನೀರಿಗೆ ಎರಡು ದ್ರಾವಣಗಳನ್ನು ಅಲ್ಲೇ ದಡದಲ್ಲಿ ಹಾಕಿ ಅಲುಗಿಸಬೇಕು. ಉಸಿರಿರುವ ನೀರು ಓಲೆಬೆಲ್ಲದ ಹಾಗೆ ಕಂದಾಗುತ್ತದೆ. ಉಸಿರಿಲ್ಲದ ನೀರು ನೀರುದೋಸೆಯ ಹಿಟ್ಟಿನಂತೆ ಬೆಳ್ಳಗಾಗುತ್ತದೆ. ತುಂಬಿಸುವಾಗ ಹೊರಗಿನ ಗಾಳಿ ಒಳಗೆ ಉಳಿಯಬಾರದು. "ಒಂದು ಗುಳ್ಳೆ ಸಾಕು, ಸತ್ತ ನೀರೂ ಬದುಕಿದ್ದೇನೆ ಅಂತ ಹೇಳ್ತದೆ" ಎಂದರು ಸರ್. ಆ ದಿನ ಗುಳ್ಳೆಯಿಲ್ಲದ ಬಾಟಲಿ ತುಂಬಿಸಲು ನನಗೆ ಹದಿನೇಳು ಸಲ ಬೇಕಾಯಿತು. ಚೂಡಿದಾರದ ತೋಳು ಹಿಂಡಿದರೆ ಇನ್ನೊಂದು ಬಾಟಲಿ ತುಂಬುತ್ತಿತ್ತು.

ಇನ್ನು ನಮ್ಮೂರಿನ ತೋಡಿಗೆ ಬರುತ್ತೇನೆ. ತೋಡೆಂದರೆ ಗುಡ್ಡದಿಂದ ಇಳಿಯುವ ಸಣ್ಣ ಹಳ್ಳ. ಮೊದಲು ನಮ್ಮ ತೋಟ, ಅದರ ಕೆಳಗೆ ಸಿಸಿಲಿ ಬಾಯಿಯ (ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದೇ ಕರೆಯುವುದು) ಮನೆ, ಅದಕ್ಕೂ ಕೆಳಗೆ ರಸ್ತೆಯ ಮೋರಿ, ಮೋರಿಯ ಪಕ್ಕದಲ್ಲಿ ಅಂಗನವಾಡಿ. ಮಳೆಗಾಲ ಕಳೆದು ನೀರು ಕಡಿಮೆಯಾಯಿತೆಂದರೆ ಮೋರಿಯಲ್ಲಿ ನಾತ. ಅಂಗನವಾಡಿಯ ಮಕ್ಕಳು ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದು ಕೈಯಲ್ಲಿ ಊಟ ಮಾಡಲು ಕಲಿತಿದ್ದವು.

ಕಾರಣ ಹುಡುಕಲು ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಸಿಸಿಲಿ ಬಾಯಿಗೆ ಹಂದಿಗೂಡು ಇತ್ತಲ್ಲ! ಗಂಡ ತೀರಿಕೊಂಡ ಮೇಲೆ ಬಾಯಿಯ ಜೀವನ ನಡೆಯುತ್ತಿದ್ದದ್ದು ಏಳೆಂಟು ಹಂದಿ ಮತ್ತು ಅಂಗಳದ ಬಸಳೆ ಚಪ್ಪರದಿಂದ. ಊರವರು ಪಂಚಾಯತಿಗೆ ಅರ್ಜಿ ಕೊಟ್ಟರು, ಹಂದಿಗೂಡು ತೆಗೆಸಬೇಕೆಂದು. ಮೊದಲ ಸಹಿ ನನ್ನ ಅಮ್ಮನದು. ಅಮ್ಮನಿಗೆ ಬಾಯಿಯ ಮೇಲೆ ಹಗೆಯೇನೂ ಇರಲಿಲ್ಲ. ಅವಳು ಸ್ವಸಹಾಯ ಸಂಘದ ಅಧ್ಯಕ್ಷೆ, ಅಕ್ಷರ ದುಂಡಗೆ, ಹಾಗಾಗಿ ಕಾಗದ ಮೊದಲು ಅವಳ ಕೈಗೇ ಬಂತು. ಆ ಸಹಿಯ ಮರುವಾರದಿಂದ ಬಾಯಿಯ ಮನೆಯ ಬಸಳೆ ನಮ್ಮ ಮನೆಗೆ ಬರುವುದು ನಿಂತಿತು. ಹಲಸಿನ ಬೀಜ ಹಾಕಿದ ಬಸಳೆ ಪದಾರ್ಥ ನನಗೆ ಪ್ರಾಣ. ನಾನು ಅದನ್ನೂ ಹಂದಿಗಳ ಲೆಕ್ಕಕ್ಕೇ ಬರೆದೆ.

ಪ್ರಾಜೆಕ್ಟಿಗೆ ವಿಷಯ ಆರಿಸುವ ಹೊತ್ತು ಅದು. ಹಂದಿಗೂಡಿನಿಂದ ತೋಡಿನ ನೀರಿಗೆ ಆಗುವ ಹಾನಿ ಎಂದು ಬರೆದುಕೊಟ್ಟೆ. ಪಂಚಾಯತಿಯವರಿಗೆ ಸುದ್ದಿ ಮುಟ್ಟಿ ಭಾರೀ ಖುಷಿಯಾಯಿತು. "ನಿನ್ನ ರಿಪೋರ್ಟು ಕೊಡು ಮಗಾ, ಗ್ರಾಮಸಭೆಯಲ್ಲಿ ಓದುವ, ಅಲ್ಲೇ ತೀರ್ಮಾನ ಮಾಡುವ" ಎಂದರು. ಎದೆ ಒಂದಿಂಚು ಉಬ್ಬಿತೆಂದು ಒಪ್ಪಿಕೊಳ್ಳುತ್ತೇನೆ. ಗಿಡ ನೆಡಲಿಕ್ಕಾ ಎಂದು ಕೇಳಿದವರೇ ನನ್ನ ರಿಪೋರ್ಟಿಗೆ ಕಾಯುತ್ತಿದ್ದರು!

ಕೊಳಕನ್ನು ಅಳೆಯಬೇಕಾದರೆ ಹೋಲಿಸಿ ನೋಡಲು ಒಂದು ಶುದ್ಧ ನೀರು ಬೇಕು. ಹಂದಿಗೂಡಿಗಿಂತ ಮೇಲಿನ ಯಾವುದಾದರೂ ಜಾಗದ್ದು. ನಾನು ಆರಿಸಿದ್ದು ನಮ್ಮ ತೋಟದ ಕೆಳಗೆ ತೋಡಿನ ನೀರು ನಿಲ್ಲುವ ಗುಂಡಿಯನ್ನು. ಅದು ಶುದ್ಧವೆಂದು ಯಾರು ಹೇಳಿದರು? ಯಾರೂ ಹೇಳಲಿಲ್ಲ. ಅದು ನಮ್ಮದು, ನಾನು ಈಜು ಕಲಿತದ್ದು ಅಲ್ಲಿ, ಹಾಗಾಗಿ ಶುದ್ಧ. ಎರಡು ವರ್ಷ ಮಾಲಿನ್ಯ ಓದಿದವಳ ತರ್ಕ ಇಷ್ಟೇ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಗುಂಡಿಗಿಳಿದು ಬಾಟಲಿ ತುಂಬಿಸಿದೆ. ಗುಳ್ಳೆಯಿಲ್ಲ. ದ್ರಾವಣಗಳನ್ನು ಹಾಕಿ ಅಲುಗಿಸಿದೆ. ಬೆಳ್ಳಗಾಯಿತು. ನೀರುದೋಸೆಯ ಹಿಟ್ಟು.

ದಡದಲ್ಲಿ ನಿಂತು ನೋಡುತ್ತಿದ್ದ ಅಮ್ಮನಿಗೆ ಸಂತೋಷ. "ಬಿಳಿ ಆಯ್ತಲ್ಲ, ಒಳ್ಳೇದಲ್ವಾ? ನಿನ್ನ ಮೋರೆ ಯಾಕೆ ಹೀಗೆ?"

"ಕೆಮಿಕಲ್ ಹಾಳಾಗಿದೆ" ಎಂದೆ. ಅದೇ ದ್ರಾವಣ ಹಂದಿಗೂಡಿನ ಕೆಳಗಿನ ನೀರನ್ನು ತಿಳಿಯಾಗಿ ಕಂದು ಮಾಡಿತು. ಮೋರಿಯ ನೀರನ್ನು ಮತ್ತೆ ಬಿಳಿ ಮಾಡಿತು. ಎರಡು ತುದಿ ಬಿಳಿ, ಹಂದಿಗೂಡಿನ ಬುಡದಲ್ಲಿ ಮಾತ್ರ ಕಂದು. ಹಾಳಾದದ್ದು ಕೆಮಿಕಲ್ ಅಲ್ಲವೆಂದು ಒಳಗೊಳಗೇ ತಿಳಿಯಿತು. ಆದರೂ ಸೋಮವಾರ ಲ್ಯಾಬಿಗೆ ಹೋಗಿ ಅದನ್ನೇ ಹೇಳಿದೆ. ಸರ್ ಹೊಸ ದ್ರಾವಣ ಕೊಟ್ಟರು. "ನೀರನ್ನು ಮೂರು ಸಲ ಕೇಳಬೇಕು. ಮೂರು ಸಲವೂ ಒಂದೇ ಉತ್ತರ ಕೊಟ್ಟರೆ ಆಮೇಲೆ ನೀರಿನ ಹತ್ತಿರ ಜಗಳ ಮಾಡ್ಬಾರದು" ಎಂದರು.

ಎರಡನೆಯ ಸಲ ನಮ್ಮ ಗುಂಡಿಗಿಂತಲೂ ಮೇಲೆ, ತೋಟದ ತಲೆಯಲ್ಲಿ, ತೋಡು ಗುಡ್ಡದಿಂದ ಇಳಿದು ಬರುವಲ್ಲಿ ಒಂದು ಬಾಟಲಿ ತುಂಬಿಸಿದೆ. ಒಳ್ಳೆಯ ಓಲೆಬೆಲ್ಲ. ಗುಂಡಿಯದ್ದು ಮತ್ತೆ ಬಿಳಿ. ಈ ಎರಡರ ನಡುವೆ ಇರುವುದು ಒಂದೇ: ನಮ್ಮ ರಬ್ಬರ್ ಶೆಡ್ಡು.

ರಬ್ಬರ್ ಮಾಡುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಬೆಳಿಗ್ಗೆ ಮರದಿಂದ ತಂದ ರಬ್ಬರ್ ಹಾಲನ್ನು ಟ್ರೇಗಳಿಗೆ ಹೊಯ್ದು, ನೀರು ಬೆರೆಸಿ, ಆಸಿಡ್ ಹಾಕುತ್ತಾರೆ. ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ. ಅದನ್ನು ಮೆಷಿನ್ನಿಗೆ ಕೊಟ್ಟು ಶೀಟು ಒತ್ತುತ್ತಾರೆ. ಒತ್ತುವಾಗ ಇಳಿಯುವ ಹುಳಿ ನೀರು, ಟ್ರೇ ತೊಳೆದ ನೀರು ಎಲ್ಲ ಒಂದು ಪೈಪಿನಲ್ಲಿ ತೋಡಿಗೆ. ನಾನು ಹುಟ್ಟುವ ಮೊದಲಿನಿಂದ ಹಾಗೆಯೇ. ನನ್ನ ಹೈಸ್ಕೂಲು, ಉಜಿರೆಯ ಡಿಗ್ರಿ, ಮಿಜಾರಿನ ಹಾಸ್ಟೆಲು ಎಲ್ಲವೂ ಆ ಶೀಟುಗಳಿಂದಲೇ ನಡೆದದ್ದು. ಆ ಹುಳಿನಾತದಲ್ಲೇ ಬೆಳೆದ ನನ್ನ ಮೂಗು ಅದನ್ನು ನಾತವೆಂದು ಒಮ್ಮೆಯೂ ಹೇಳಿರಲಿಲ್ಲ. ಅದಕ್ಕೆ ಅದು ಮನೆಯ ವಾಸನೆ. ಮಧ್ಯೆ ಕಲ್ಲುಗಳ ಮೇಲೆ ಬಿದ್ದು ಎದ್ದು ನೀರು ಒಂದಿಷ್ಟು ಉಸಿರು ಎಳೆದುಕೊಂಡು ಬಾಯಿಯ ಮನೆ ದಾಟುತ್ತಿತ್ತು. ಮೋರಿಯಲ್ಲಿ ನಿಂತು ಮತ್ತೆ ಕೊಳೆಯುತ್ತಿತ್ತು. ಬಾಯಿಯ ಹಂದಿ ಗೊಬ್ಬರವೆಲ್ಲ ಬಸಳೆ ಬುಡದ ಗುಂಡಿಗೆ ಹೋಗುತ್ತಿತ್ತು, ತೋಡಿಗಲ್ಲ.

ಆ ಸಂಜೆ ಅಮ್ಮನಿಗೆ ಹೇಳಿದೆ. ಅವಳು ಶೀಟು ಬಿಸಿಲಿನಿಂದ ತೆಗೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಿನ್ನ ಪುಸ್ತಕದಲ್ಲಿ ನಮ್ಮ ಮನೆ ಹೆಸರು ಬರೀಲಿಕ್ಕೆ ಉಂಟಾ?"

"ಸ್ಯಾಂಪಲ್ ಒಂದು, ಎರಡು ಅಂತ ಬರೀತೇನೆ."

"ಆ ತೋಡಿನ ಮೇಲೆ ಇರುವುದು ಎರಡೇ ಮನೆ. ಊರಿನವರಿಗೆ ಎರಡರ ತನಕ ಲೆಕ್ಕ ಬರ್ತದೆ."

"ಬರೆಯದಿದ್ದರೆ ಬಾಯಿಯ ಹಂದಿ ಹೋಗ್ತದೆ ಅಮ್ಮ."

"ಬರೆದರೆ ನಾನು ಸಂಘದಲ್ಲಿ ಮುಖ ಎತ್ತಿ ಹೇಗೆ ಕೂರುವುದು? ಮೊದಲನೇ ಸಹಿ ಯಾರದ್ದು ಅಂತ ಗೊತ್ತುಂಟಾ ನಿನಗೆ?" ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ಬೇರೆ ದಾರಿ ಇಲ್ವಾ?"

ನನಗೆ ಸಿಟ್ಟು ಬಂತು. ಅಮ್ಮನ ಮೇಲೋ, ಅದೇ ದಾರಿ ನನ್ನ ತಲೆಯಲ್ಲೂ ಸುಳಿದುಹೋಗಿತ್ತೆಂದೋ. "ಉಂಟು. ತುಂಬಿಸುವಾಗ ಒಂದು ಗುಳ್ಳೆ ಬಿಟ್ಟರೆ ಸಾಕು, ಬಣ್ಣ ಬರ್ತದೆ. ಸರ್‌ಗೂ ಗೊತ್ತಾಗುವುದಿಲ್ಲ. ಬಿಡ್ಲಾ?" ಎಂದೆ.

ಅಮ್ಮ ಶೀಟುಗಳನ್ನು ಹೊತ್ತುಕೊಂಡು ಒಳಗೆ ಹೋದಳು. ಆ ವಾರ ನಾನು ಹಾಸ್ಟೆಲಿನಲ್ಲಿ ನಿದ್ದೆ ಮಾಡಿದ್ದು ಕಡಿಮೆ. ನಾನೇನೂ ಸತ್ಯಕ್ಕೆಂದೇ ಹುಟ್ಟಿದವಳಲ್ಲ. ಚಿಕ್ಕವಳಿದ್ದಾಗ ಸಕ್ಕರೆ ಡಬ್ಬಿಯ ವಿಷಯದಲ್ಲಿ ಹೇಳಿದ ಸುಳ್ಳುಗಳಿಗೆ ಲೆಕ್ಕವಿಲ್ಲ. ಆದರೆ ಮೂಗು ಮುಚ್ಚಿ ಉಣ್ಣುವ ಮಕ್ಕಳು ಕಣ್ಣೆದುರು ಬರುತ್ತಿದ್ದವು. ಬಾಯಿಯ ಖಾಲಿ ಹಂದಿಗೂಡು ಬರುತ್ತಿತ್ತು. ಇದನ್ನು ಬಚ್ಚಿಟ್ಟು ಪಡೆದ ಡಿಗ್ರಿಯನ್ನು ಯಾವ ಗೋಡೆಗೆ ತೂಗುಹಾಕುವುದು? ಇದ್ದದ್ದನ್ನು ಇದ್ದ ಹಾಗೆ ಬರೆಯುವುದೆಂದು ಗಟ್ಟಿ ಮಾಡಿಕೊಂಡೆ. ಅಮ್ಮ ಮಾತು ಬಿಟ್ಟರೂ ಸರಿ, ಅನ್ನ ಬಡಿಸದಿದ್ದರೂ ಸರಿ.

ಮುಂದಿನ ಭಾನುವಾರ ಮೂರನೆಯ ಸಲ. ನಾನು ಬಾಟಲಿ ತೆಗೆದುಕೊಂಡು ಹೊರಟಾಗ ಅಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆಯೇ ಬಂದಳು. "ಈ ಸಲ ನಾನು ತುಂಬಿಸ್ತೇನೆ. ಹೇಗೆ ಅಂತ ಹೇಳು."

ಗುಳ್ಳೆಯ ಉಪಾಯ ಹೇಳಿಕೊಟ್ಟವಳು ನಾನೇ ಅಲ್ಲವೇ? ಬೇಡವೆನ್ನಲು ಬಾಯಿ ಬರಲಿಲ್ಲ. ಓರೆಯಾಗಿ ಹಿಡಿಯಬೇಕು, ಮೆಲ್ಲಗೆ ಮುಳುಗಿಸಬೇಕು, ನೀರಿನೊಳಗೇ ಮುಚ್ಚಳ ಹಾಕಬೇಕು ಎಂದೆ. ಅಮ್ಮ ಮೊಣಕಾಲಿನವರೆಗೆ ನೀರಿಗಿಳಿದಳು. ಬಾಟಲಿಯನ್ನು ಮುಳುಗಿಸಿದಳು, ಮುಚ್ಚಿದಳು, ಎತ್ತಿ ತಲೆಕೆಳಗು ಮಾಡಿ ಬಿಸಿಲಿಗೆ ಹಿಡಿದಳು. ಒಳಗೆ ಒಂದು ಗುಳ್ಳೆ. ಸಾಸಿವೆಯಷ್ಟು. ನಾನು ನೋಡಿದೆ. ಅಮ್ಮನೂ ನೋಡಿದಳು. ನಾನು ಸುಮ್ಮನೆ ನಿಂತೆ; ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಗುಳ್ಳೆ ಉಂಟು" ಎಂದಳು ಅಮ್ಮ. "ಇದು ಆಗ್ಲಿಕ್ಕಿಲ್ಲ."

ಮುಚ್ಚಳ ತೆಗೆದು ನೀರನ್ನು ಗುಂಡಿಗೇ ಮೆಲ್ಲಗೆ ಸುರಿದು ಮತ್ತೆ ಮುಳುಗಿಸಿದಳು. ಎರಡನೆಯದರಲ್ಲೂ ಗುಳ್ಳೆ. ಅದನ್ನೂ ಸುರಿದಳು. ಮೂರನೆಯದರಲ್ಲಿ ಇರಲಿಲ್ಲ. ನನಗೆ ಹದಿನೇಳು ಸಲ ಬೇಕಾದದ್ದು ಅವಳಿಗೆ ಮೂರರಲ್ಲಿ ಬಂತು. ನಾನು ದ್ರಾವಣ ಹಾಕಿದೆ. ಬಾಟಲಿ ಬೆಳ್ಳಗಾಯಿತು. ಅಮ್ಮ ಅದನ್ನೇ ನೋಡುತ್ತಾ ತುಂಬ ಹೊತ್ತು ನೀರಿನಲ್ಲೇ ನಿಂತಿದ್ದಳು.

ಗ್ರಾಮಸಭೆಯಲ್ಲಿ ನಾನು ರಿಪೋರ್ಟು ಓದಿದೆ. ಸ್ಯಾಂಪಲ್ ಒಂದು, ಎರಡು ಎಂದು ಬರೆದದ್ದೆಲ್ಲ ದಂಡವಾಯಿತು. ನಾನು ಕೂರುವ ಮೊದಲೇ ಅಮ್ಮ ಎದ್ದು ನಿಂತು, "ಆ ಬಿಳಿ ನಮ್ಮ ಮನೆಯದ್ದು. ಅರ್ಜಿಯಲ್ಲಿ ಮೊದಲನೇ ಸಹಿ ನನ್ನದು, ಅದನ್ನು ಹೊಡೆದು ಹಾಕಿ" ಎಂದಳು. ಹಿಂದಿನ ಬೆಂಚಿನಿಂದ ಸಿಸಿಲಿ ಬಾಯಿ ಎದ್ದರು.

"ಇದಕ್ಕೆ ಬಾಟಲಿ ಬೇಕಿತ್ತಾ ಸರೋಜಕ್ಕ? ನನ್ನ ಹತ್ತಿರ ಕೇಳಿದ್ದರೆ ಹೇಳ್ತಿದ್ದೆ. ಎಷ್ಟೋ ವರ್ಷದಿಂದ ನಾನು ಆ ನೀರಿನಲ್ಲಿ ಬಟ್ಟೆ ಒಗೆಯುವುದಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ ಬಾಯಿ?"

"ಹೇಳಿದರೆ ಯಾರು ನಂಬ್ತಾರೆ? ಹಂದಿ ಇರುವುದು ನನ್ನ ಹತ್ತಿರ ಅಲ್ವಾ."

ಎರಡು ವರ್ಷ ಓದಿದವಳು ನಾನು ಒಂದು ಸಲ ಬಾಯಿಯ ಮನೆಯ ಮೆಟ್ಟಿಲು ಹತ್ತಿ ಕೇಳಬಹುದಿತ್ತು.

ಪೈಪನ್ನು ಅಮ್ಮ ಮರುದಿನವೇ ತೋಡಿನಿಂದ ತಿರುಗಿಸಿದಳು. ಹುಳಿ ನೀರಿನಿಂದ ಅಡುಗೆ ಗ್ಯಾಸ್ ಮಾಡಬಹುದೆಂದು ಸರ್ ಹೇಳಿದರು, ಟ್ಯಾಂಕ್ ಕಟ್ಟಿಸಿದೆವು. ಅದನ್ನು ಶುರು ಮಾಡಲು ಗೊಬ್ಬರ ಬೇಕು. ದನ ಮಾರಿ ನಮಗೆ ವರ್ಷಗಳಾಗಿದ್ದವು. ಊರಿನಲ್ಲಿ ಗೊಬ್ಬರಕ್ಕೆ ಕೊರತೆಯಿಲ್ಲದ ಮನೆ ಒಂದೇ. ಅಮ್ಮ ಎರಡು ಬಾಲ್ದಿ ಹಿಡಿದು ತಾನೇ ಅಲ್ಲಿಗೆ ಹೋದಳು. ಬಾಯಿ ನಕ್ಕು ನಕ್ಕು ಚಪ್ಪರದ ಕಂಬ ಹಿಡಿದುಕೊಂಡರಂತೆ. "ನನ್ನ ಹಂದಿಯನ್ನು ಓಡಿಸ್ಲಿಕ್ಕೆ ಹೊರಟವರ ಗಂಜಿ ಈಗ ನನ್ನ ಹಂದಿಯೇ ಬೇಯಿಸ್ಬೇಕಾಯ್ತಲ್ಲ!" ಎಂದರಂತೆ. ಬಾಲ್ದಿಗಳ ಮೇಲೆ ಒಂದು ಕಟ್ಟು ಬಸಳೆಯನ್ನೂ ಇಟ್ಟು ಕಳಿಸಿದರು. ಚೆನ್ನಾಗಿ ತೊಳೆದು ಪದಾರ್ಥ ಮಾಡಿದೆವು.

ಈಗ ನಾನು ಕಾಲೇಜಿನ ಮಕ್ಕಳಿಗೆ ಇದೇ ವಿಷಯ ಪಾಠ ಮಾಡುತ್ತೇನೆ. ಹೊಸಬರು ಪ್ರತಿವರ್ಷ ಉಮೇದಿನಿಂದ ಯಾವುದೋ ದೂರದ ಚಿಮಣಿಯನ್ನು, ಯಾರದೋ ಮೋರಿಯನ್ನು ಹಿಡಿಯಲು ಹೊರಡುತ್ತಾರೆ. ಹೋಗಿ, ಹಿಡಿಯಿರಿ, ಬಿಡಬೇಡಿ ಎನ್ನುತ್ತೇನೆ. ಮೊದಲ ಬಾಟಲಿ ಮಾತ್ರ ನಿಮ್ಮ ಮನೆಯ ಹಿಂದೆ ತುಂಬಿಸಿ ಎನ್ನುತ್ತೇನೆ. ಮುಖ ಸಪ್ಪೆ ಮಾಡುತ್ತಾರೆ. ನಾನು ಬಗ್ಗುವುದಿಲ್ಲ.

ಜನವರಿ ಬಂದರೆ ಅಮ್ಮನ ಫೋನು ಬರುತ್ತದೆ, "ಬಾಟಲಿ ತಾ." ಹೋಗುತ್ತೇನೆ. ಅಮ್ಮನಿಗೀಗ ಮೊಣಕಾಲು ನೋವು, ಆದರೂ ಗುಂಡಿಗಿಳಿಯುವುದು ಅವಳೇ. ಕೆಲವು ವರ್ಷಗಳಿಂದ ಬಾಟಲಿ ಕಂದಾಗುತ್ತಿದೆ. ದಡದಲ್ಲಿ ಬಟ್ಟೆಯ ಬಾಲ್ದಿ ಇಟ್ಟುಕೊಂಡು ಸಿಸಿಲಿ ಬಾಯಿ ಕಾಯುತ್ತಿರುತ್ತಾರೆ. "ಬಣ್ಣ ಹೇಗುಂಟು ಸರೋಜಕ್ಕ?" ಎಂದು ಕೂಗುತ್ತಾರೆ. "ತಾಳು ಬಾಯಿ" ಎನ್ನುತ್ತಾಳೆ ಅಮ್ಮ. ಬಣ್ಣ ಬರಿಸುವ ಮೊದಲು ಅವಳು ಬಾಟಲಿಯನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಗುಳ್ಳೆ ಹುಡುಕುತ್ತಿರುತ್ತಾಳೆ.